ಮೊದಲು ತೇಲಿದ ಎಣ್ಣೆ

ಕಾರಿನ ಬ್ರೇಕಿಗೆ ಎಣ್ಣೆ ಬದಲಿಸುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಸೀಟಿನಲ್ಲಿ ಕೂತು ಪೆಡಲು ತುಳಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ಅಲ್ಲಿರುವ ಪುಟ್ಟ ತಿರುಪನ್ನು ಸಡಿಲಿಸಿ ಬಿಗಿಯಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅಣ್ಣನ ಕಾರಿನ ಕಥೆ ಹೇಳುವಾಗ ನಮ್ಮ ಮನೆಯವರು, ಪೆಡಲು ತುಳಿದವಳು ನಾನು ಎನ್ನುವುದನ್ನು ಬ್ರೇಕು ಕೆಟ್ಟ ದಿನಕ್ಕೆ ಮಾತ್ರ ಸೇರಿಸುತ್ತಾರೆ. ಕೆಡದೆ ಓಡಿದ ದಿನಗಳ ಕಥೆಯಲ್ಲಿ ನಾನು ಇರುವುದೇ ಇಲ್ಲ. ತಲೆ ಪೂರಾ ಬೆಳ್ಳಗಾದರೂ ಈ ಸಿಟ್ಟು ನನಗೆ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಯುದ್ಧ ಮುಗಿದ ಹೊಸತು. ನಮ್ಮದು ಕುಂದಾಣದ ಕಡೆಯ ಹಳ್ಳಿ, ಹೊಲ ಗದ್ದೆ ಇದ್ದ ಮನೆ. ಅಣ್ಣ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ, ಅಲ್ಲಿನ ರಿಪೇರಿ ಶೆಡ್ಡಿನಲ್ಲಿ ಕೈ ಪಳಗಿಸಿಕೊಂಡು ವಾಪಸು ಬಂದಿದ್ದ. ಬಂದವನು ನೇಗಿಲು ಹಿಡಿಯಲಿಲ್ಲ. ಹರಾಜಿಗೆ ಬಂದ ಎರಡು ಸೀಟಿನ ಹಳೆಯ ಕಾರೊಂದನ್ನು ತಂದು ದನದ ಕೊಟ್ಟಿಗೆಯ ಪಕ್ಕ ನಿಲ್ಲಿಸಿಕೊಂಡ. ನಮ್ಮೂರಿನಿಂದ ಸ್ವಲ್ಪ ದೂರದ ಬಯಲಿನಲ್ಲಿ, ಯುದ್ಧದ ಕಾಲಕ್ಕೆ ವಿಮಾನ ಇಳಿಸಲೆಂದು ಹಾಕಿ ಆಮೇಲೆ ಕೈಬಿಟ್ಟಿದ್ದ ಉದ್ದನೆಯ ಪಟ್ಟಿ ಇತ್ತು. ಭಾನುವಾರದ ಹೊತ್ತು ಬೆಂಗಳೂರು ದಂಡಿನ ಕಡೆಯ ಕಾರಿನವರು ಅಲ್ಲಿಗೆ ಬಂದು ಪಂದ್ಯ ಕಟ್ಟುತ್ತಿದ್ದರು. ಪಟ್ಟಿಯ ಎರಡೂ ತುದಿಗೆ ಪೀಪಾಯಿ ನಿಲ್ಲಿಸಿ, ಇಲ್ಲಿಂದ ಹಾರಿದಂತೆ ಹೋಗಿ, ಅಲ್ಲಿ ಬ್ರೇಕು ಒತ್ತಿ, ಪೀಪಾಯಿ ಸುತ್ತಿ ಮತ್ತೆ ಇತ್ತ ಬರಬೇಕು. ಅಣ್ಣನೂ ಅವರ ಜೊತೆ ಸೇರಿಕೊಂಡ.

ಆಗ ನಾನು ತವರಿನಲ್ಲಿದ್ದೆ. ಮದುವೆಯಾಗಿ ಎರಡು ಸುಗ್ಗಿ ಕಾಣುವ ಮೊದಲೇ ಗಂಡ ಜ್ವರದಲ್ಲಿ ಹೋದ. ಬಳೆ ತೆಗೆಸಿ ಅಪ್ಪ ಕರೆದುಕೊಂಡು ಬಂದ. ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ. ಆದರೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವ್ವ ಕಣ್ಸನ್ನೆ ಮಾಡುತ್ತಿದ್ದಳು, ನಾನು ಒಳಗೆ ಸರಿಯಬೇಕಿತ್ತು. ಎತ್ತು ಕೊಳ್ಳಲು ಘಾಟಿ ಜಾತ್ರೆಗೆ ಹೊರಟರೂ ಅಷ್ಟೆ, ಬಿತ್ತಲು ಹೊರಟರೂ ಅಷ್ಟೆ. ಹೆತ್ತ ತಾಯಿಯೇ ಮಗಳನ್ನು ಬಾಗಿಲ ಹಿಂದೆ ನಿಲ್ಲಿಸುವುದು ಎಂಥ ನ್ಯಾಯ ಎಂದು ಆಗಲೇ ಮೈ ಉರಿಯುತ್ತಿತ್ತು. ಎದುರಾಡಲು ಬಾಯಿ ಮಾತ್ರ ಬರುತ್ತಿರಲಿಲ್ಲ.

ಅಂಥ ಮನೆಯಲ್ಲಿ ನನ್ನನ್ನು ಕೂಗಿ ಕರೆದ ಕೆಲಸವೆಂದರೆ ಈ ಪೆಡಲು ತುಳಿಯುವುದು. ಅಣ್ಣ ಮೊದಲು ಆಳುಗಳನ್ನು ಕೂರಿಸಿ ನೋಡಿದ್ದ. ಅವರು ಹಿಡಿ ಎಂದಾಗ ಬಿಟ್ಟುಬಿಡುತ್ತಿದ್ದರು. ತಿರುಪು ಸಡಿಲವಿರುವಾಗ ಕಾಲು ಎತ್ತಿದರೆ ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೋದರೆ ಪೆಡಲು ಹತ್ತಿಯ ದಿಂಬು ತುಳಿದಂತಾಗುತ್ತದೆ, ಚಕ್ರ ಹಿಡಿಯುವುದಿಲ್ಲ. ನಾನು ಸೀರೆ ಎತ್ತಿ ಕಟ್ಟಿ ಕೂತು, ಅವನು ‘ತುಳಿ’ ಎಂದರೆ ತುಳಿಯುತ್ತಿದ್ದೆ, ‘ಹಿಡಿ’ ಎಂದರೆ ತೊಡೆ ನಡುಗಿದರೂ ಹಿಡಿಯುತ್ತಿದ್ದೆ, ‘ಬಿಡು’ ಎಂದ ಮೇಲೆಯೇ ಬಿಡುತ್ತಿದ್ದೆ. ತಿರುಪಿಗೆ ಸಿಕ್ಕಿಸಿದ ರಬ್ಬರು ಕೊಳವೆಯ ಇನ್ನೊಂದು ತುದಿ ಗಾಜಿನ ಜಾಡಿಯ ಎಣ್ಣೆಯಲ್ಲಿ ಮುಳುಗಿರುತ್ತಿತ್ತು. ಮೊದಮೊದಲು ಗುಳ್ಳೆ ಬರುತ್ತಿದ್ದವು, ಬರಬರುತ್ತಾ ನಿಲ್ಲುತ್ತಿದ್ದವು. ಗುಳ್ಳೆ ನಿಂತ ಮೇಲೆ ಪೆಡಲು ಕಾಲಡಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುವುದು ನನಗೆ ಮೊದಲು ಗೊತ್ತಾಗುತ್ತಿತ್ತು, ಅವನಿಗೆ ಆಮೇಲೆ. ಆ ಹೊತ್ತಿನಲ್ಲಿ ನನಗೆ ಆಗುತ್ತಿದ್ದ ಸಂತೋಷವನ್ನು ಯಾವ ಹಬ್ಬದಲ್ಲೂ ಕಂಡಿಲ್ಲ.

ಬ್ರೇಕಿಗೆಂದೇ ಮಾಡಿದ ಎಣ್ಣೆ ಹಡಗಿನಲ್ಲಿ ಬರಬೇಕಿತ್ತು, ಬರುತ್ತಿರಲಿಲ್ಲ. ಎಂಜಿನ್ ಎಣ್ಣೆ ಹಾಕಿದರೆ ಒಳಗಿನ ರಬ್ಬರು ಊದಿಕೊಂಡು ಕೆಡುತ್ತದೆ. ಆದ್ದರಿಂದ ಅಣ್ಣ ಮಿಲಿಟರಿಯಲ್ಲಿ ಕಲಿತಂತೆ ಹರಳೆಣ್ಣೆಗೆ ಸ್ಪಿರಿಟ್ ಬೆರೆಸುತ್ತಿದ್ದ. ದೀಪದ ಸ್ಪಿರಿಟ್ ಬೇಗ ಕುದಿಯುತ್ತದೆಂದು ಅದನ್ನು ಬಿಟ್ಟು, ಪೇಟೆಯ ಬಣ್ಣದ ಅಂಗಡಿಯವರು ವಾರ್ನಿಷಿಗೆ ಬೆರೆಸುವ, ಮೂಗಿಗೆ ಅಡರುವ ಬೇರೆ ಬಗೆಯದನ್ನು ಹುಡುಕಿ ತರುತ್ತಿದ್ದ. ಊರ ದಾರಿಯಲ್ಲಿ ಓಡಾಡುವ ಕಾರಿಗೆ ಏನು ಹಾಕಿದರೂ ನಡೆದೀತು, ಪಟ್ಟಿಯ ಮೇಲೆ ಮತ್ತೆ ಮತ್ತೆ ಬ್ರೇಕು ಒತ್ತಿದರೆ ಚಕ್ರದ ಒಳಗೆ ಒಲೆ ಹಚ್ಚಿದಷ್ಟು ಕಾವು ಏರುತ್ತದೆ, ಆ ಕಾವಿಗೆ ಎಣ್ಣೆ ಕುದಿಯಬಾರದು ಎಂದು ನನಗೆ ಬಿಡಿಸಿ ಹೇಳಿದ್ದ.

ಆ ಸಲ ಪೇಟೆಯ ಹರಳೆಣ್ಣೆಯಲ್ಲಿ ಕಡಲೆಕಾಯಿ ಎಣ್ಣೆಯ ವಾಸನೆ ಬಂತು. ಅಣ್ಣ ಬೈದುಕೊಂಡು ಅದನ್ನು ಚೆಲ್ಲಿದ. ಅದನ್ನು ಕಂಡ ಅವ್ವ, ಮನೆಯಲ್ಲಿ ಎಣ್ಣೆ ಇಟ್ಟುಕೊಂಡು ಪೇಟೆಯವರ ಬೆರಕೆಗೆ ಯಾಕಪ್ಪ ದುಡ್ಡು ಸುರೀತೀಯ ಎಂದಳು. ಅವ್ವನ ಹರಳೆಣ್ಣೆಗೆ ಸುತ್ತಲ ಹಳ್ಳಿಯಲ್ಲೆಲ್ಲ ಹೆಸರಿತ್ತು. ಹರಳು ಹುರಿದು, ಒರಳಿನಲ್ಲಿ ಕುಟ್ಟಿ, ನೀರು ಹಾಕಿ ಕುದಿಸುತ್ತಿದ್ದಳು. ಎಣ್ಣೆ ಮೇಲೆ ತೇಲಿ ಬರುತ್ತಿತ್ತು. ಮೊದಲು ತೇಲಿದ್ದನ್ನು ಸೌಟಿನಲ್ಲಿ ಮೆಲ್ಲಗೆ ತೆಗೆದು ಬೇರೆ ಇಡುತ್ತಿದ್ದಳು. ಅದು ತೆಳು ಹೊಂಬಣ್ಣದ್ದು, ಎಳೆಗೂಸಿನ ನೆತ್ತಿಗೆ, ಬಾಣಂತಿಯ ಮೈಗೆ. ಉಳಿದದ್ದನ್ನು ನೀರಿನ ಸದ್ದು ಅಡಗುವ ತನಕ ಮತ್ತೆ ಕಾಯಿಸಿದರೆ ಕಪ್ಪಗಾಗುತ್ತಿತ್ತು. ಅದು ದೀಪಕ್ಕೆ, ಗಾಡಿಯ ಅಚ್ಚಿಗೆ. ಮಗನ ಕಾರಿಗೆ ಗಾಡಿಯ ಎಣ್ಣೆ ಕೊಡಲು ಅವ್ವನಿಗೆ ಮನಸ್ಸು ಬರಲಿಲ್ಲ. ಕೂಸಿನ ಎಣ್ಣೆಯನ್ನೇ ತಂದುಕೊಟ್ಟಳು. ನಾನೂ ಅಣ್ಣನೂ ಅದರ ಬಣ್ಣ ನೋಡಿ ಮರುಳಾದೆವು.

ಎಣ್ಣೆ ಬದಲಿಸಿದೆವು, ಪೆಡಲು ಕಲ್ಲಾಯಿತು. ಭಾನುವಾರ ಅಣ್ಣ ಹೊರಡುವಾಗ ಎಂದಿನಂತೆ ಅವ್ವ ಕಣ್ಸನ್ನೆ ಮಾಡಿದಳು, ಎಂದಿನಂತೆ ನಾನು ಬಾಗಿಲ ಹಿಂದೆ ನಿಂತೆ. ಸಂಜೆ ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಮೊದಲ ಸುತ್ತುಗಳಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿದಿತ್ತಂತೆ. ಆಮೇಲೆ ಒಮ್ಮೆ ಪೀಪಾಯಿಯ ಹತ್ತಿರ ಒತ್ತಿದರೆ ಪೆಡಲು ಸುಮ್ಮನೆ ನೆಲಕ್ಕೆ ಹೋಯಿತು. ಕಾರು ಪಟ್ಟಿ ದಾಟಿ, ಬದು ಹಾರಿ, ಹುರುಳಿ ಹೊಲದಲ್ಲಿ ಮಗ್ಗುಲಾಯಿತು. ಅಣ್ಣನ ಕೊರಳ ಹತ್ತಿರದ ಮೂಳೆ ಮುರಿದಿತ್ತು, ಜೀವ ಉಳಿದಿತ್ತು.

ಮಾರನೆಯ ದಿನ ಎತ್ತು ಕಟ್ಟಿ ಕಾರನ್ನು ಎಳೆಸಿ ತಂದರು. ಅಪ್ಪ ತಾನೇ ಹತ್ತಿ ಕೂತು ಪೆಡಲು ತುಳಿದು ನೋಡಿದ. ಗಟ್ಟಿಯಾಗಿತ್ತು. ಒಂದು ಹನಿ ಎಣ್ಣೆ ಎಲ್ಲೂ ಸೋರಿರಲಿಲ್ಲ. ಜಗಲಿಯಲ್ಲಿ ನಾಲ್ಕು ಜನ ನೆಂಟರು ಕೂತಿದ್ದರು. ಅವರೆದುರು ಅಪ್ಪ ಇಳಿದು ಬಂದು ಹೇಳಿದ:

“ಕಾರಲ್ಲೇನೂ ಇಲ್ಲ. ತುಳಿದ ಕಾಲು ಒಳ್ಳೇದಲ್ಲ, ಅಷ್ಟೇಯ.”

ಬಾಗಿಲ ಹಿಂದೆ ನಾನಿದ್ದೆ. ನಡುಮನೆಯ ಮಂಚದ ಮೇಲೆ ಅಣ್ಣ ಮಲಗಿದ್ದ. ಅವನು ಏನಾದರೂ ಹೇಳುತ್ತಾನೆ ಎಂದು ಅವನ ಮುಖವನ್ನೇ ನೋಡಿದೆ. ಅವನು ಗೋಡೆಯ ಕಡೆ ತಿರುಗಿಕೊಂಡ. ಇನ್ನು ಮೇಲೆ ನಾನು ಕಾರು ಮುಟ್ಟಕೂಡದು, ಕೊಟ್ಟಿಗೆಯ ಕಡೆಗೇ ಹೋಗಕೂಡದು ಎಂದಾಯಿತು. ಗಂಡನನ್ನು ತಿಂದದ್ದಾಯಿತು, ಈಗ ಅಣ್ಣ ಎಂದು ಬಾವಿಯ ಹತ್ತಿರ ಯಾರೋ ಅಂದದ್ದೂ ಕಿವಿಗೆ ಬಿತ್ತು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದು ಕೆಲಸ. ಅದನ್ನೂ ಒಂದು ಮಾತಿನಲ್ಲಿ ಕಿತ್ತುಕೊಂಡರು.

ಅಳು ಬರಲಿಲ್ಲ, ರೇಗಿತು. ನನ್ನದು ‘ಹಿಡಿ’ ಎಂದಾಗ ಹಿಡಿದ ಕಾಲು, ಅದರಲ್ಲಿ ತಪ್ಪಿರಲಿಲ್ಲ. ಚಕ್ರ ಕಾದಾಗ ಕೈಕೊಟ್ಟ ಪೆಡಲು ಆರಿದ ಮೇಲೆ ಗಟ್ಟಿಯಾಗಿದೆ ಎಂದರೆ ಕಾದಾಗ ಒಳಗೆ ಏನೋ ಕುದಿದಿರಬೇಕು. ಒಗ್ಗರಣೆ ಹಾಕುವಾಗ ಇದು ಹೊಳೆಯಿತು. ಕೂಸಿನ ಎಣ್ಣೆ ಇನ್ನೂ ಕುಡಿಕೆಯಲ್ಲಿ ಉಳಿದಿತ್ತು. ಕಬ್ಬಿಣದ ಸೌಟು ಕೆಂಡದ ಮೇಲೆ ಕಾಯಿಸಿ ಅದಕ್ಕೆ ಆ ಎಣ್ಣೆ ಒಂದಿಷ್ಟು ಬಿಟ್ಟೆ. ಚಟಚಟ ಎಂದು ಸಿಡಿದು ಕೈಗೆ ಹಾರಿತು. ಸೌಟು ಒರೆಸಿ ಗಾಡಿಯ ಎಣ್ಣೆ ಬಿಟ್ಟೆ. ಅದು ಸದ್ದಿಲ್ಲದೆ ಹೊಗೆಯಾಡಿತು. ಮೊದಲು ತೇಲಿದ ಎಣ್ಣೆಯಲ್ಲಿ ನೀರಿತ್ತು. ಪಟ್ಟಿಯ ಕಾವಿಗೆ ಆ ನೀರು ಕುದಿದು ಹಬೆಯಾಗಿ, ಪೆಡಲು ಆ ಹಬೆಯನ್ನು ತುಳಿದಿತ್ತು. ತಿರುಗಿ ನೋಡಿದರೆ ಅವ್ವ ಬೀಸುವ ಕಲ್ಲಿನ ಹತ್ತಿರ ನಿಂತು ಎಲ್ಲ ನೋಡುತ್ತಿದ್ದಳು. ಎಣ್ಣೆ ಸಿಡಿಯುವ ಸದ್ದು ಅವಳಿಗೆ ಹೇಳಿಕೊಡಬೇಕೇ? ಹಾಗೇ ಹಿತ್ತಲಿಗೆ ಹೋದಳು.

ನಾನು ನೇರ ಅಣ್ಣನ ಮಂಚದ ಹತ್ತಿರ ಹೋಗಿ ಹೇಳಿದೆ. ಅವನು ಬೆರಗಾಗಲಿಲ್ಲ.

“ನಂಗೊತ್ತು ಕಣವ್ವ,” ಅಂದ. “ಪೆಡಲು ಹೋದಾಗ್ಲೇ ಗೊತ್ತಾಯ್ತು. ಅವ್ವ ಕೊಟ್ಟ ಎಣ್ಣೆ ಅಂತ ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ? ಅವಳು ಬದುಕಿರ್ತಾಳಾ?”

“ನಾನು ಬದುಕಿರ್ತೀನಾ?” ಅಂದೆ.

ಅವ್ವನ ಹೆಸರಿಗೆ ಕುಂದು ಬರಬಾರದು, ಸರಿ. ನನ್ನ ಹೆಸರಿಗೆ ಹೇಗೂ ಬಂದಾಗಿದೆ, ಇನ್ನಷ್ಟು ಬಂದರೇನು ಎನ್ನುವ ಲೆಕ್ಕ ಅವನದು. ಅಪ್ಪ ತಿಳಿಯದೆ ಅಂದ, ಇವನು ತಿಳಿದೂ ಗೋಡೆಗೆ ತಿರುಗಿಕೊಂಡ. ಇವರಿಬ್ಬರಲ್ಲಿ ನನಗೆ ಹೆಚ್ಚು ನೋವು ಕೊಟ್ಟವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮೂಳೆ ಕೂಡಿ, ಕಾರಿನ ಡೊಂಕು ತಟ್ಟಿಸಿ ಆದ ಮೇಲೆ ಮತ್ತೆ ಎಣ್ಣೆ ಬದಲಿಸಬೇಕಾಯಿತು. ಅಣ್ಣ ಆಳುಗಳನ್ನು ಕೂರಿಸಿದ, ಪೆಡಲು ದಿಂಬಾಯಿತು. ಮತ್ತೆ ಮಾಡಿಸಿದ, ಮತ್ತೆ ದಿಂಬು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು, ಅಪ್ಪ ಹೊಲಕ್ಕೆ ಹೋದಾಗ ಬಂದು ತುಳಿದುಕೊಡು ಎಂದು ಪಿಸುಗುಟ್ಟಿದ. ನನಗೆ ತಲೆಗೇರಿತು. ಅಪ್ಪ ಇರುವಾಗ, ಅಂಗಳದಲ್ಲಿ, ಜಗಲಿಯ ಎದುರಿಗೆ ಕಾರು ನಿಲ್ಲಿಸಿದರೆ ತುಳಿಯುತ್ತೇನೆ, ಕದ್ದು ತುಳಿಯುವುದಿಲ್ಲ ಅಂದೆ. ಅವನಿಗೆ ಬೇರೆ ದಾರಿ ಇರಲಿಲ್ಲ.

ಅಂಗಳದಲ್ಲಿ ಕಾರು ನಿಂತಿತು. ಅಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಸೀರೆ ಎತ್ತಿ ಕಟ್ಟಿ ಸೀಟಿನಲ್ಲಿ ಕೂತೆ. ಅಣ್ಣ ಚಕ್ರದ ಹಿಂದಿನಿಂದ ಸಣ್ಣ ದನಿಯಲ್ಲಿ ‘ತುಳಿ’ ಅಂದ.

“ಜೋರಾಗಿ ಹೇಳಣ್ಣ,” ಅಂದೆ. “ಕೇಳಿಸ್ತಿಲ್ಲ.”

ಅವನು ಜೋರಾಗಿ ಹೇಳಿದ. ಅಪ್ಪ ಎದ್ದು ನಿಂತ, ಅವನ ಮುಖ ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲು ಅವ್ವ ಕಪ್ಪು ಎಣ್ಣೆಯ ಕುಡಿಕೆ ಹಿಡಿದು ಒಳಗಿನಿಂದ ಬಂದಳು. ಅದನ್ನು ಅಣ್ಣನ ಪಕ್ಕ ಇಟ್ಟು, ಸೆರಗು ಹೊದ್ದುಕೊಂಡು ಅಪ್ಪನ ಕಡೆ ತಿರುಗಿದಳು.

“ಹೋದ್ಸಲದ ಎಣ್ಣೆ ನಾನು ಕೊಟ್ಟಿದ್ದು. ಅದ್ರಲ್ಲಿ ನೀರಿತ್ತು. ಅವಳ ಕಾಲಿಂದ ಏನೂ ಆಗ್ಲಿಲ್ಲ.”

ಅಪ್ಪ ಮತ್ತೆ ಕೂತು, ಅಡಿಕೆ ಆರಿಸುತ್ತ, ಎಣ್ಣೆ ಅಂದಮೇಲೆ ಒಂದು ಹನಿ ನೀರು ಇದ್ದೇ ಇರುತ್ತದೆ, ಹೋಗಲಿ ಬಿಡು ಅಂದ. ಅಷ್ಟೆ. ಎಣ್ಣೆಯ ತಪ್ಪನ್ನು ಒಂದು ಎಲೆ ಮಡಿಸುವಷ್ಟರಲ್ಲಿ ಕ್ಷಮಿಸಿಬಿಟ್ಟ. ನನ್ನ ಕಾಲಿಗೆ ಅಂದದ್ದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆ ನೆಂಟರನ್ನು ಕರೆಸಿ ಹೇಳಲೂ ಇಲ್ಲ. ಅವ್ವ ಒಳಗೆ ಹೋಗುವಾಗ ನನ್ನ ಮಂಡಿಯ ಮೇಲೆ ಒಂದು ಸಲ ಕೈಯಿಟ್ಟಳು. ಅಣ್ಣ ಆ ಕಪ್ಪು ಎಣ್ಣೆಗೇ ಸ್ಪಿರಿಟ್ ಬೆರೆಸಿ ತುಂಬಿದ, ಪೆಡಲು ಕಲ್ಲಾಯಿತು.

ಮುಂದಿನ ಭಾನುವಾರ ಅಣ್ಣ ಹೊರಟಾಗ ಅವ್ವ ಕಣ್ಸನ್ನೆ ಮಾಡಲಿಲ್ಲ. ಮಾಡಿದ್ದರೂ ನಾನು ಒಳಗೆ ಹೋಗುತ್ತಿರಲಿಲ್ಲ. ನಡುಬೀದಿಯಲ್ಲಿ, ಕಾರಿಗೆ ಎದುರಾಗಿ ಹೋಗಿ ನಿಂತೆ. ಅಣ್ಣ ನನ್ನ ಹತ್ತಿರ ಬಂದು ಬ್ರೇಕು ಒತ್ತಿದ. ಕಾರು ನನ್ನ ಸೀರೆಯ ನೆರಿಗೆಗೆ ಒಂದು ಗೇಣು ಬಿಟ್ಟು ನಿಂತಿತು. ನನ್ನ ಮುಖವನ್ನು ಸರಿಯಾಗಿ ನೋಡಿಕೊಂಡು ಹೋಗು ಅಂದೆ. ನೋಡಿದ, ಪಕ್ಕಕ್ಕೆ ಸರಿದೆ, ಹೋದ.

ಎಲ್ಲ ಸುತ್ತು ಮುಗಿಸಿ ಸಂಜೆ ಅವನು ಕಾರನ್ನು ತಾನೇ ಓಡಿಸಿಕೊಂಡು ಬಂದ. ಅಪ್ಪ ಕೈಮುಗಿದು, ಘಾಟಿ ಸುಬ್ಬಪ್ಪ ಕಾಪಾಡಿದ ಎಂದು ಹೇಳಿ, ಮರುದಿನವೇ ಅಲ್ಲಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದ. ಮುರಿದಾಗ ನನ್ನ ಕಾಲು, ಉಳಿದಾಗ ಸುಬ್ಬಪ್ಪ. ಪ್ರಸಾದ ಹಂಚುವಾಗ ನನ್ನ ಕೈಗೂ ಒಂದು ಹೋಳು ಕಾಯಿ ಹಾಕಿದ. ಅದನ್ನು ಕೊಟ್ಟಿಗೆಗೆ ಒಯ್ದು, ಅವನು ನೋಡುತ್ತಿರುವಾಗಲೇ, ಬ್ರೇಕಿನ ಪೆಡಲಿನ ಮೇಲೆ ಇಟ್ಟು ಬಂದೆ.