ಲೆಕ್ಕ ಎರಡು ದಾಟಿತು, ಸಾರಕ್ಕಿ ತಪ್ಪಿತು

ಹಾಡಹಗಲು ಹನ್ನೊಂದು ಗಂಟೆಗೆ, ಗೋಡೆ, ಕಿಟಕಿ, ಚಾವಣಿಗೆಲ್ಲ ಕಪ್ಪು ಬಳಿದ ಕೋಣೆಯೊಳಗೆ ನನ್ನನ್ನು ಬಿಟ್ಟು ಬಾಗಿಲು ಹಾಕಿದರು. ಬೆಂಗಳೂರು ನನಗೆ ಕೊಟ್ಟ ಸ್ವಾಗತ ಅದು. ಗದಗಿನ ಬಿಸಿಲಲ್ಲಿ ಬೆಳೆದವಳಿಗೆ ಜಯನಗರದ ಆ ಲ್ಯಾಬಿನಲ್ಲಿ ತನ್ನ ಕೈ ತನಗೇ ಕಾಣುತ್ತಿರಲಿಲ್ಲ.

ಮಾಡುವ ಕೆಲಸ ಹೇಳುತ್ತೇನೆ, ನಗಬೇಡಿ. ಹರಳೊಂದಕ್ಕೆ ಲೇಸರ್ ಬಿಟ್ಟರೆ ಬೆಳಕಿನ ಕಣಗಳು ಜೋಡಿಯಾಗಿ ಹುಟ್ಟಿ, ಮೇಜಿನ ಆಚೆ ತುದಿಗೊಂದು ಈಚೆ ತುದಿಗೊಂದು ಹೋಗುತ್ತವೆ. ಎರಡೂ ತುದಿಯಲ್ಲಿ ಬೆಳಕು ಸೋಸುವ, ತಿರುಗಿಸಬಲ್ಲ ಒಂದೊಂದು ಬಿಲ್ಲೆ. ಕಣ ಅದನ್ನು ದಾಟೀತು, ಇಲ್ಲವೇ ನಿಂತೀತು. ದಾಟಿತೋ ನಿಂತಿತೋ ಎಂಬ ಜೋಡಿ ಕಣಗಳ ಉತ್ತರಗಳು ವಿಚಿತ್ರವಾಗಿ ತಾಳೆಯಾಗುತ್ತವೆ. ಹುಟ್ಟುವಾಗಲೇ ಉತ್ತರವನ್ನು ಬುತ್ತಿ ಕಟ್ಟಿಕೊಂಡು ಹೊರಟಿದ್ದರೆ ಆ ತಾಳೆಯ ಲೆಕ್ಕ ಎರಡನ್ನು ಮೀರುವಂತಿಲ್ಲ. ಮೀರಿದರೆ, ದೂರವಿದ್ದೂ ಅವು ಬೇರೆಬೇರೆ ಅಲ್ಲ ಎಂದರ್ಥ. ದೀಪಾವಳಿಯೊಳಗೆ ಲೆಕ್ಕವನ್ನು ಎರಡು ದಾಟಿಸಿದರೆ ನನ್ನ ತಾತ್ಕಾಲಿಕ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಊರಿನ ಬಸ್ಸು ಹತ್ತಬೇಕು ಎಂದಿದ್ದರು ಪ್ರೊಫೆಸರ್.

ಲ್ಯಾಬಿನ ಅಟೆಂಡರ್ ಮುನಿಯಪ್ಪನವರೇ ನನ್ನ ಮನೆ ಓನರ್. ಹತ್ತಿರದ ಸಾರಕ್ಕಿಯಲ್ಲಿ ತಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಬಾಡಿಗೆ ಕೋಣೆ ಕಟ್ಟಿಸಿದ್ದರು. ಲ್ಯಾಬಿನಲ್ಲಿ ನಾನು ‘ಮೇಡಂ’, ಮನೆಯಲ್ಲಿ ‘ಏನಮ್ಮಾ’.

“ಏನಮ್ಮಾ, ಬೆಳಗೆದ್ರೆ ಡಬಡಬ ಅಂತ ಬಡೀತೀಯ! ಮುದ್ದೆ ತಿನ್ನಕ್ಕೇನ್ ರೋಗ?”

“ರೊಟ್ಟಿ ಬಡೀಲಿಲ್ಲಂದ್ರ ಹೊಟ್ಟಿ ತುಂಬೂದಿಲ್ರೀ.”

“ನಿಮ್ ಕಡೆಯೋರು ಮಾತಾಡೋದೂ ಹಂಗೇ, ಬಡ್ದಂಗೆ.”

ನಮ್ಮಲ್ಲಿ ಹಬ್ಬ ಬಂದರೆ ಬಾಡಿಗೆಯವರಿಗೂ ಹೋಳಿಗೆ ಬರುತ್ತದೆ. ಇಲ್ಲಿ ಬಂದದ್ದು ನೀರು ನಿಲ್ಲಿಸುತ್ತೇನೆಂಬ ಬೆದರಿಕೆ. ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಯುಧಪೂಜೆಯ ದಿನ ಅವರು ಅರಿಸಿನ, ಕುಂಕುಮ, ಬೂದುಗುಂಬಳಕಾಯಿ ಹಿಡಿದು ಲ್ಯಾಬಿಗೆ ಬಂದರು. ಕುಂಕುಮದ ಪುಡಿ ಕನ್ನಡಿಗಳ ಮೇಲೆ ಹಾರಿದರೆ ಕೆಲಸ ಕೆಟ್ಟಿತೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

“ಪೂಜೆ ಇಲ್ದಿದ್ರೆ ಮಿಷನ್ನು ಕೆಲ್ಸ ಮಾಡುತ್ತಾ ಮೇಡಂ?”

“ಮಾಡ್ತದ್ರೀ. ನೀವು ಹೊರಗ ಮಾಡ್ರಿ.”

ಹೊಸ್ತಿಲಿಗೆ ಕುಂಕುಮವಿಟ್ಟು, ಗೇಟಿನ ಬಳಿ ಕುಂಬಳಕಾಯಿ ಒಡೆದು ಹೋದರು.

ರಜೆ ಮುಗಿಸಿ ಬಂದರೆ, ಎರಡರ ಅಂಚಿಗೆ ಬಂದಿದ್ದ ಲೆಕ್ಕ ಒಂದೂವರೆಗೆ ಕುಸಿದಿತ್ತು. ಪ್ರೊಫೆಸರ್ ಕೆಂಡವಾದರು. ಮುನಿಯಪ್ಪನವರ ಬಳಿಯೂ ಒಂದು ಕೀಲಿಕೈ ಇತ್ತು. “ಅವ್ರಽ ಒಳಗ ಬಂದಿರಬೇಕ್ರಿ ಸರ್” ಎಂದುಬಿಟ್ಟೆ. ಮಾರನೆಯ ದಿನವೇ ಅವರನ್ನು ಅಂಗಳ ಗುಡಿಸಲು ಹಾಕಿದರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ವಾರದ ಮೇಲೆ ಬಿಲ್ಲೆ ಕೂರಿಸಿದ ಉಂಗುರವನ್ನು ಬಿಚ್ಚಿದೆ. ಅಡಿಯಲ್ಲಿ ಬನ್ನಿ ಎಲೆಯ ಸಣ್ಣ ದೇಟು ಸಿಕ್ಕಿ, ಉಂಗುರ ಓರೆಯಾಗಿ ಕೋನ ತಪ್ಪಿತ್ತು. ಬನ್ನಿ ತಂದವಳು ನಾನೇ. ವಿಜಯದಶಮಿಗೆ ನಮ್ಮೂರಲ್ಲಿ ಬನ್ನಿ ಎಲೆ ಕೈಗಿಟ್ಟು, ‘ಬಂಗಾರದಂಗ ಇರೂಣು’ ಎಂದು ವರ್ಷವಿಡೀ ಜಗಳಾಡಿದವರೂ ಒಂದಾಗುತ್ತಾರೆ. ಇಲ್ಲಿ ಕೊಡಲು ಯಾರೂ ಇರಲಿಲ್ಲ. ರಜೆಯ ದಿನ ಒಬ್ಬಳೇ ಬಂದು, ಮೇಜಿನ ಎರಡು ತುದಿಯಲ್ಲೂ ಬಿಲ್ಲೆಯ ಬುಡಕ್ಕೆ ಒಂದೊಂದು ಟಿಸಿಲು ಸಿಕ್ಕಿಸಿ ಕೈಮುಗಿದಿದ್ದೆ. ಹೋಗುವಾಗ ತೆಗೆದಿದ್ದೆ, ದೇಟು ಮುರಿದು ಒಳಗೇ ಉಳಿದದ್ದು ತಿಳಿದಿರಲಿಲ್ಲ.

ದೇಟು ತೆಗೆದು ಕೋನ ಸರಿಪಡಿಸಿದ ಮೇಲೆ ಲೆಕ್ಕ ಎರಡನ್ನು ದಾಟಿ ಎರಡೂವರೆಯ ಹತ್ತಿರ ನಿಂತಿತು. ಕೆಲಸ ಉಳಿಯಿತು. ಪ್ರೊಫೆಸರಿಗೆ ನಿಜ ಹೇಳಿದೆ. ಅವರು ಕರೆಸಿದರೂ ಮುನಿಯಪ್ಪ ಲ್ಯಾಬಿಗೆ ಮರಳಲಿಲ್ಲ. ಸಾರಕ್ಕಿಯಲ್ಲಿ ಅವರ ಜಗಲಿಯ ಮುಂದೆ ನಿಂತು, ಬನ್ನಿಯ ಕತೆ ಹೇಳಿ “ತಪ್ಪಾತ್ರಿ” ಎಂದೆ.

“ನಿಮ್ ಎಲೆ ಒಳಗೆ, ನಮ್ ಕುಂಕುಮ ಹೊರಗೆ,” ಎಂದರು, ದನಿ ಏರಿಸದೆ. “ತಿಂಗ್ಳು ಮುಗೀತಿದ್ದಂಗೆ ರೂಮ್ ಖಾಲಿ ಮಾಡಿ, ಮೇಡಂ.”

ಮನೆಯಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು.

ಈಗ ಬೆಂಗಳೂರಿನದೇ ಶ್ರೀನಗರ ಬಡಾವಣೆಯಲ್ಲಿ ಕೋಣೆ ಹುಡುಕುತ್ತಿದ್ದೇನೆ. ನಿನ್ನೆ ಒಬ್ಬ ಮನೆಯೊಡತಿ “ಸಾರಕ್ಕಿ ಯಾಕ್ ಬಿಟ್ರಿ?” ಎಂದು ಕೇಳಿದರು. ಗದಗ ಯಾಕೆ ಬಿಟ್ಟೆ ಎಂದಿದ್ದರೆ ಕೆಲಸಕ್ಕೆ ಎಂದು ಥಟ್ಟನೆ ಹೇಳುತ್ತಿದ್ದೆ. ದಿನಾ ಶಪಿಸಿಕೊಂಡೇ ಬದುಕಿದ ಸಾರಕ್ಕಿಯನ್ನು ದೂರಲು ಮಾತ್ರ ಮನಸ್ಸಾಗಲಿಲ್ಲ. “ಓನರ್ ಚೊಲೋ ಮನಷ್ಯಾ ಇದ್ರು ಆಂಟಿ. ನಾನಽ ಕೆಟ್ಟಕಿ” ಎಂದುಬಿಟ್ಟೆ.

ಆಂಟಿ ಬಾಗಿಲು ಹಾಕಿಕೊಂಡರು.