ಬೀಗರ ಖೋಲಿ

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿಯ ಲಾಡ್ಜುಗಳೆಲ್ಲ ಭರ್ತಿ. ಖರೀದಿಗೆ ಬಂದವರು ತಂಗಲು ಜಾಗವಿಲ್ಲದೆ ರಾಣೆಬೆನ್ನೂರಿಗೋ ಹಾವೇರಿಗೋ ಹೋಗುತ್ತಾರೆ. ನಮ್ಮ ಮಾಳಿಗೆ ಮೇಲಿನ ಖೋಲಿ ಖಾಲಿಯಿತ್ತು. ಹೊಲಿಗೆ ಯಂತ್ರ ತುಳಿದು ತುಳಿದು ನಾನೇ ಕಟ್ಟಿಸಿದ್ದು. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಕೇಳುವುದಿಲ್ಲ. ಇನ್ನು ಆ ಖೋಲಿಯೇ ನನ್ನ ದುಡಿಮೆ ಎಂದುಕೊಂಡು, ಬಂದವರಿಗೆ ದಿನದ ಬಾಡಿಗೆಗೆ ಕೊಡಲು ಪುರಸಭೆಯಲ್ಲಿ ಪರವಾನಗಿಗೆ ಅರ್ಜಿ ಹಾಕಿದೆ.

ಗುಮಾಸ್ತ ಕಾಗದಗಳನ್ನು ತಿರುವಿ, "ಎಲ್ಲಾ ಬರೋಬ್ಬರಿ ಐತ್ರಿ. ಬಾಜೂ ಮನಿಯವ್ರು ತಕರಾರಿಲ್ಲ ಅಂತ ಸಹಿ ಮಾಡಿಕೊಟ್ರ ಮುಗೀತು" ಎಂದ.

ಬಾಜೂ ಮನೆಯ ಅಣ್ಣಾರು ಚಹಾ ಕುಡಿಸಿದರು, ಸಹಿ ಮಾತ್ರ ಮಾಡಲಿಲ್ಲ.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಗೊತ್ತಿಲ್ಲದ ಮಂದಿ ಓಣ್ಯಾಗ ಬಂದು ಇರೋದು ಛಲೋ ಅಲ್ಲ. ಅದರಾಗ ರೊಕ್ಕಾ ತಗೊಂಡು ಮಂದೀನ ಇಟ್ಕೊಳ್ಳೋದು ಮರ್ಯಾದಸ್ತರ ಮನಿ ಕೆಲಸೇನ್ರಿ?"

ನನಗೆ ಮೈಯೆಲ್ಲ ಉರಿಯಿತು. ಇವರ ಹಿರಿಮಗನ ಮದುವೆಯಲ್ಲಿ ಬೀಗರು ಮಲಗಿದ್ದೆಲ್ಲಿ? ಅದೇ ಖೋಲಿಯಲ್ಲಿ! ಒಂದು ಮನೆಯಲ್ಲಿ ಮದುವೆಯಾದರೆ ನೆಂಟರಿಗೆ ಸುತ್ತಲಿನ ಮನೆಗಳಲ್ಲಿ ಹಾಸಿಗೆ ಹಾಸುವುದು ನಮ್ಮ ಓಣಿಯ ಪದ್ಧತಿ. ಅವರ ಸ್ನಾನಕ್ಕೆ ನೀರು ಕಾಯಿಸಿದ್ದು ನಾನು, ಹೋದ ಮೇಲೆ ಕೌದಿ ಒಗೆದದ್ದೂ ನಾನು. ಆಗ ಯಾರ ಗುರುತು ಪರಿಚಯ ಕೇಳಿದ್ದೆ? ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಮಂದಿಗೆ, ಬಾಡಿಗೆ ಎಂದ ಕೂಡಲೇ ಮರ್ಯಾದೆ ನೆನಪಾಗುತ್ತದೆ. ಆ ಸುಗ್ಗಿಯಿಡೀ ಅರ್ಜಿ ಪುರಸಭೆಯಲ್ಲಿ ಧೂಳು ತಿಂದಿತು, ಖೋಲಿ ಖಾಲಿ ಉಳಿಯಿತು.

ಮುಂದೆ ಅಣ್ಣಾರ ಮಗಳ ಮದುವೆ ಗೊತ್ತಾಯಿತು, ಗುತ್ತಲದ ಕಡೆಯ ಗಂಡು. ಒಂದು ಸಂಜೆ ಅಣ್ಣಾರು ನಗುನಗುತ್ತ ಬಂದರು.

"ಅಕ್ಕಾರ, ಬೀಗರಿಗೆ ಮ್ಯಾಲಿನ ಖೋಲಿ ಬೇಕಾಗೇತ್ರಿ. ನಿಮ್ಮಷ್ಟು ಸ್ವಚ್ಛ ಯಾರ ಮನ್ಯಾಗೂ ಇಲ್ಲ."

ಒಳಗಿನಿಂದ ಆ ಒಪ್ಪಿಗೆ ಕಾಗದ ತಂದು ಅವರ ಮುಂದೆ ಹಿಡಿದೆ.

"ಗುತ್ತಲದ ಮಂದಿ ನನಗ ಗೊತ್ತಿಲ್ರಿ ಅಣ್ಣಾರ. ಗೊತ್ತಿಲ್ಲದ ಮಂದಿ ಇರಬೇಕಾದ್ರ ನಿಮ್ಮ ಸಹಿ ಬೇಕಲ್ರಿ."

ಅಣ್ಣಾರ ನಗು ಅಲ್ಲೇ ಆರಿತು. ಕಾಗದವನ್ನು ಗೋಡೆಗೆ ಒತ್ತಿಹಿಡಿದು ನಿಂತಲ್ಲೇ ಸಹಿ ಗೀಚಿದರು.

"ಆತಲ್ರಿ? ಇನ್ನ ಕೀಲಿ ಕೊಡ್ರಿ."

"ಮದಿವಿಗೆ ಇನ್ನೂ ದಿನ ಅದಾವಲ್ರಿ. ಪರವಾನಗಿ ಬರ್ಲಿ, ಬಾಡಿಗಿ ಎಷ್ಟಂತ ಹೇಳ್ತೇನಿ."

"ಬೀಗರ ಕಡಿಂದ ಬಾಡಿಗಿ ತಗೋತೀರೇನ್ರಿ?" ಅಣ್ಣಾರು ಹೌಹಾರಿದರು.

"ಛೇ ಛೇ, ನಾವು ಮರ್ಯಾದಸ್ತರು" ಎಂದೆ. "ನಿಮ್ಮ ಕಡಿಂದ ತಗೋತೇನಿ."