ಚಾಚಾ ತಂದ ಗೊಂಬೆಯಾಟ

ಮೊನ್ನೆ ಹಬ್ಬಕ್ಕೆಂದು ಬೆಳ್ಳಿಯ ಆರತಿ ತಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತ ಕುಳಿತಿದ್ದೆ. ಹಳೆಯ ಬನಿಯನ್ನಿನ ಮೆತ್ತನೆಯ ಚೂರು, ಬೆರಳಿಗೆ ತಣ್ಣಗೆ ಹತ್ತುವ ಆ ಪುದೀನಾ ವಾಸನೆ... ಕೈ ತಾನಾಗಿ ನಿಂತಿತು. ಶಹಾಪುರದಲ್ಲಿ ನಮ್ಮ ಮನೆಯ ಓಣಿಯ ಬಾಯಿಗೇ ಒಂದು ಸೀಡಿ ಅಂಗಡಿ ಇತ್ತು. ಅಲ್ಲಿ ಯಾವಾಗಲೂ ಇದೇ ವಾಸನೆ. ಗೀರು ಬಿದ್ದ ಸೀಡಿಗಳಿಗೆ ಅಂಗಡಿಯ ಚಾಚಾ ಬಿಳಿ ಪೇಸ್ಟ್ ಹಚ್ಚಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಒರೆಸುತ್ತಿದ್ದರು. ಕೂಸಿನ ಮುಖ ಒರೆಸಿದಷ್ಟು ಹಗುರವಾಗಿ.

ಅವರದೊಂದು ಪದ್ಧತಿ ಇತ್ತು. ಯಾವ ಸಿನೆಮಾ ಬೇಕು ಅಂತ ಕೇಳುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, "ಮನ್ಯಾಗ ಯಾರ್ಯಾರು ಕುಂದ್ರತೀರಿ, ಅದನ್ನ ಹೇಳ್ರಿ ಮೊದಲ" ಅನ್ನುತ್ತಿದ್ದರು. ಅತ್ತೆ, ಮಾವ, ನಾವಿಬ್ಬರು, ಸಣ್ಣ ಮಗಳು ಅಂತ ಹೇಳಿದರೆ ಸಾಕು, ಕೈ ನೇರವಾಗಿ ಕೆಳಗಿನ ಸಾಲಿಗೆ ಹೋಗುತ್ತಿತ್ತು. ಅಲ್ಲಿದ್ದವೆಲ್ಲ ಗೊಂಬೆ ಸಿನೆಮಾಗಳು. ಹಾರುವ ಪ್ರಾಣಿಗಳು, ಮಾತಾಡುವ ಬೆಟ್ಟಗಳು, ಕಡಲು ದಾಟಿ ಹೋಗುವ ಸಣ್ಣ ಹುಡುಗಿಯರು.

ನಾನು ಯಾದಗಿರಿಯ ಕಾನ್ವೆಂಟಿನಲ್ಲಿ ಓದಿದವಳು. ಕಾರ್ಟೂನ್ ಅಂದರೆ ಮಕ್ಕಳಿಗೆ ಅಂತ ತಿಳಿದಿದ್ದೆ. ಒಮ್ಮೆ ಹಾಗೇ ಅಂದೂ ಬಿಟ್ಟೆ.

"ಅರೇ ಬೇಟಿ," ಎಂದು ನಕ್ಕರು ಚಾಚಾ, "ಇದು ಪಂಕ್ತಿ ಊಟ ಇದ್ದಂಗ. ಹಲ್ಲಿಲ್ಲದಾವ್ರು ಹುಗ್ಗಿ ಉಣ್ತಾರ, ಹಲ್ಲಿದ್ದಾವ್ರು ಕಡಕ್ ರೊಟ್ಟಿ ಕಡೀತಾರ. ಯಾರೂ ನಡುವ ಏಳಂಗಿಲ್ಲ. ನಿಮ್ಮ ದೊಡ್ಡೋರ ಸಿನೆಮಾದಾಗ ಏನಾಗ್ತದ? ಹಾಡ ಬಂತು ಅಂದ್ರ ಅರ್ಧ ಮನಿ ಖಾಲಿ!"

ನಗು ತಡೆಯಲಾಗಲಿಲ್ಲ. ಖರೆ ಮಾತು. ಟೀವಿಯಲ್ಲಿ ನಾಯಕ ನಾಯಕಿಯ ಕೈ ಹಿಡಿದರೆ ಸಾಕು, ನಮ್ಮ ಮಾವ ಕೆಮ್ಮಿ ಎಮ್ಮೆಗೆ ನೀರಿಡಲು ಏಳುತ್ತಿದ್ದರು. "ಹಾಲ ಉಕ್ಕತಾವ ನೋಡ" ಎಂದು ಅತ್ತೆ ನನ್ನನ್ನು ಒಳಗೆ ಕಳಿಸುತ್ತಿದ್ದರು, ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. ನಮ್ಮ ಮನೆಯವರು ಹಳೆಯ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಕಡೆಗೆ ಇಡೀ ಹಾಡನ್ನು ಕಣ್ಣರಳಿಸಿ ನೋಡುತ್ತಿದ್ದವಳು ನಮ್ಮ ಮಗಳೊಬ್ಬಳೇ.

ಅತ್ತೆ ತೀರಿಕೊಂಡದ್ದು ಮಗಳು ಒಂದನೇ ಕ್ಲಾಸಿಗೆ ಹೋದ ವರ್ಷ. ನಮ್ಮ ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಸಿನೆಮಾ ಇಲ್ಲ. ಟೀವಿಯ ಮೇಲೆ ಅತ್ತೆಯದೇ ಒಂದು ಇಳಕಲ್ ಸೀರೆ ಮಡಚಿ ಹೊದಿಸಿದರು ಮಾವ. ಆಮೇಲೆ ಪಡಸಾಲೆಗೆ ಬರುವುದನ್ನೇ ಬಿಟ್ಟರು. ಹೊರಗಿನ ಕಟ್ಟೆಯ ಮೇಲೆ ಕೂರುವುದು, ಅಲ್ಲೇ ತಟ್ಟೆ ತರಿಸಿಕೊಂಡು ನಾಲ್ಕು ತುತ್ತು ಉಣ್ಣುವುದು.

ಮಗಳಿಗೆ ದಿನಾ ಸಂಜೆ ಕಥೆ ಹೇಳುತ್ತಿದ್ದವರು ಅತ್ತೆ, ಅವಳ ಆಯಿ. ಮೊದಮೊದಲು ಅವಳು, "ಮುತ್ಯಾ, ನೀ ಹೇಳು" ಎಂದು ಅಜ್ಜನ ಮಂಡಿಗೆ ಜೋತುಬೀಳುತ್ತಿದ್ದಳು. "ನನಗ ಬರಂಗಿಲ್ಲ ಹೋಗು" ಅನ್ನುತ್ತಿದ್ದರು ಮಾವ. ಎಂಟು ದಿನ ಕೇಳಿದಳು, ಆಮೇಲೆ ಕೇಳಲಿಲ್ಲ. ಶಾಲೆಯಿಂದ ಬಂದವಳು ಕಟ್ಟೆಯ ಮೇಲೆ ಅಜ್ಜ ಇದ್ದರೆ ಹಿತ್ತಲ ಬಾಗಿಲಿನಿಂದ ಒಳಗೆ ಬರತೊಡಗಿದಳು. ಅದನ್ನು ನೋಡಿ ನನಗೆ ಬಹಳ ಹೆದರಿಕೆಯಾಯಿತು. ಒಬ್ಬರು ಹೋಗಿದ್ದರು, ಉಳಿದ ಇಬ್ಬರು ಒಂದೇ ಮನೆಯಲ್ಲಿದ್ದುಕೊಂಡು ಒಬ್ಬರಿಗೊಬ್ಬರು ಇಲ್ಲದಂತಾಗುತ್ತಿದ್ದರು.

ಒಂದು ದಿನ ತರಕಾರಿ ತರುವಾಗ ಚಾಚಾ ಕರೆದರು. "ಭಾಳ ದಿನ ಆತು, ಬೇಟಿ. ನಿಮ್ಮ ಮಾವ ಗೌಡ್ರು ಹ್ಯಾಂಗ ಅದಾರ?" ನಾನು ಏನು ಹೇಳಿದೆನೋ, ಎಷ್ಟು ಹೇಳಿದೆನೋ... ನಡುವೆ ಕಣ್ಣು ತುಂಬಿದ್ದು ನೆನಪಿದೆ. ಚಾಚಾ ಬೇರೆ ಕಡೆ ನೋಡುತ್ತ ಒಂದು ಸೀಡಿ ಒರೆಸುತ್ತಲೇ ಇದ್ದರು. ಟೀವಿ ಹಚ್ಚುವ ಹಾಗಿಲ್ಲ ಅಂದದ್ದಕ್ಕೆ, "ಅದನ್ನ ನಾ ನೋಡ್ಕೋತೀನಿ" ಎಂದರು.

ಮರುದಿನ ಸಂಜೆ ಹೆಗಲಿಗೆ ಚೀಲ ಹಾಕಿಕೊಂಡು ಬಂದು ಮಾವನ ಪಕ್ಕ ಕಟ್ಟೆಯ ಮೇಲೆ ಕುಳಿತರು. ಮಳೆಯ ಮಾತಾಯಿತು, ಹತ್ತಿಯ ಮಾತಾಯಿತು. ಬಾಗಿಲ ಹಿಂದೆ ನಿಂತು ನಾನು ಕೇಳುತ್ತಿದ್ದೆ.

"ಗೌಡ್ರ, ನಿಮ್ಮೂರು ಗೋಗಿಯೊಳಗ ಮೊದಲ ಗೊಂಬಿ ಆಟದಾವ್ರು ಬರ್ತಿದ್ರಲ್ರಿ?"

"ಬರ್ತಿದ್ರು. ತೊಗಲಗೊಂಬಿ. ಈಗೆಲ್ಲಿ ಅದಾರ?"

"ಸಾವಾದ ಮನ್ಯಾವ್ರು ಹೋಗ್ತಿದ್ದಿಲ್ಲೇನ್ರಿ ನೋಡಾಕ?"

"ಯಾಕ ಹೋಗ್ತಿದ್ದಿಲ್ಲ? ಗೊಂಬಿ ಆಟಕ್ಕೇನು ಮೈಲಿಗಿ? ಅದು ದೇವರ ಆಟ."

ಚಾಚಾ ಚೀಲ ತಟ್ಟಿದರು. "ನಾ ಈಗ ಅದನ್ನೇ ತಂದೀನ್ರಿ."

ಮಾವ ಚೀಲವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡು ನಾನು ಸೆರಗು ಬಿಗಿ ಹಿಡಿದೆ. "ಗೊಂಬಿಗೋಳು ಟೀವಿಯೊಳಗ ಕುಣೀತಾವೇನ್ ಭಾಯಿ?" ಎಂದು ಕೇಳಿದರು ಮಾವ. "ಪರದಾ ಇರ್ತದ, ಹಿಂದ ಬೆಳಕ ಇರ್ತದ. ಇನ್ನೇನ ಬೇಕ್ರಿ?" ಎಂದರು ಚಾಚಾ.

ಮಾವ ಎದ್ದರು. ಆದರೆ ಆಟ ಅಂದ ಮೇಲೆ ಆಟದ ರೀತಿಯಲ್ಲೇ ಆಗಬೇಕಿತ್ತು. "ಯವ್ವಾ, ದೀಪ ಹಚ್ಚು, ಕಾಯಿ ತಾ" ಅಂದರು. ಸೀರೆ ತೆಗೆದು ಕಣ್ಣಿಗೊತ್ತಿಕೊಂಡು, ಟೀವಿಗೆ ಕುಂಕುಮ ಹಚ್ಚಿ, ಕಾಯಿ ಒಡೆದರು. ಮೇಳದ ಯಜಮಾನನಿಗೆ ಕೊಡುವ ಹಾಗೆ ಚಾಚಾನಿಗೆ ಎಲೆ ಅಡಿಕೆ ಕೊಟ್ಟರು. ಚಾಚಾ ತಲೆಯ ಟೋಪಿ ಸರಿಮಾಡಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಮುಖದಲ್ಲಿ ಒಂದು ಎಳೆ ನಗುವೂ ಇರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳಿಗೆ ಮಾವ, "ಬಾ, ಕುಂದ್ರು. ಆಟ ಸುರು ಆದ ಮ್ಯಾಲ ಮುಗಿಯೋತನಾ ಯಾರೂ ಏಳಬಾರದು, ಕೇಡು" ಅಂದರು. ಬಹಳ ದಿನದ ಮೇಲೆ ಅವಳೊಂದಿಗೆ ಆಡಿದ ಮಾತು ಅದು.

ಹಿಂದಿಯ ಸಿನೆಮಾ. ಒಂದು ಊರಿನ ಗಾಳಿಯನ್ನೆಲ್ಲ ಯಾರೋ ಕದ್ದೊಯ್ದಿದ್ದಾರೆ. ಒಬ್ಬ ಹುಡುಗಿ ಕುಂಟು ಒಂಟೆಯೊಂದನ್ನು ಕಟ್ಟಿಕೊಂಡು ಗಾಳಿಯನ್ನು ಮರಳಿ ತರಲು ಹೊರಡುತ್ತಾಳೆ. ನಡುದಾರಿಯಲ್ಲಿ ಒಂಟೆಗೆ ರೆಕ್ಕೆ ಬರುತ್ತದೆ. ಮಗಳು ಒಂಟೆ ಹಾರಿದ್ದಕ್ಕೆ ಚಪ್ಪಾಳೆ ತಟ್ಟಿದಳು. ಮಾವ, "ಸುಳ್ಳ ಸುಳ್ಳ! ಅದರ ಕಾಲ ನೋಡ, ಯಾವ ಸಂತ್ಯಾಗ ತಂದಾಳೋ!" ಅಂದರು. ನಮ್ಮ ಮನೆಯವರು ಸಿನೆಮಾದ ಊರ ಹಿರಿಯರ ಜಗಳಕ್ಕೆ ನಕ್ಕರು. ನಾನು, ಆ ಹುಡುಗಿ ಮನೆ ಬಿಡುವಾಗ ಅವಳ ತಾಯಿ ರೊಟ್ಟಿಯ ಗಂಟಿಗೆ ಇನ್ನೊಂದು ಗಂಟು ಬಿಗಿದದ್ದನ್ನೇ ನೋಡುತ್ತಿದ್ದೆ. ಒಂದೇ ಸಿನೆಮಾದಲ್ಲಿ ನಾಲ್ಕು ಜನ ನಾಲ್ಕು ಸಿನೆಮಾ ನೋಡುತ್ತಿದ್ದೆವು. ಚಾಚಾ ಹೇಳಿದ ಪಂಕ್ತಿ ಊಟ ನನಗೆ ಅರ್ಥವಾದದ್ದು ಆಗ.

ಆಗಿನ ಸಿನೆಮಾಗಳು ಎರಡು ಸೀಡಿಯಲ್ಲಿ ಬರುತ್ತಿದ್ದವು. ಎರಡನೆಯದು ಸ್ವಲ್ಪ ನಡೆದು ಗಕ್ಕನೆ ನಿಂತಿತು. ಹುಡುಗಿ ಬೆಟ್ಟದ ತುದಿಯ ಒಂದು ಮುಚ್ಚಿದ ಬಾಗಿಲ ಮುಂದೆ ಕೈ ಎತ್ತಿಕೊಂಡು ನಿಂತೇ ಇದ್ದಳು. ಚಾಚಾ ತೆಗೆದರು, ಒರೆಸಿದರು, ಹಾಕಿದರು. ಮತ್ತೆ ಅದೇ ಬಾಗಿಲು.

ಮಗಳು ಅಜ್ಜನ ಕಡೆ ತಿರುಗಿದಳು. "ಮುತ್ಯಾ, ಆಟ ಮುಗೀಲಿಲ್ಲ... ಕೇಡಾಗ್ತದಾ?"

ಮಾವ ಚಾಚಾನನ್ನು ನೋಡಿದರು. ಚಾಚಾ ಚೀಲದೊಳಗೆ ಕೈ ಹಾಕಿದ್ದರು. ಕಡೆಗೆ ಮಾವ ಗಂಟಲು ಸರಿಮಾಡಿಕೊಂಡರು. "ಆ ಹುಡುಗಿ... ಬಾಗಲಾ ಬಡದ್ಲು."

"ಹೌದ್ರಿ!" ಎಂದರು ಚಾಚಾ, ಮೇಳದಲ್ಲಿ ಹಿಂದೆ ಕುಳಿತು ದನಿಗೂಡಿಸುವವರ ಹಾಗೆ. ಅವರ ಕೈ ಚೀಲದಿಂದ ಹೊರಗೆ ಬಂತು, ಖಾಲಿಯಾಗಿ.

"ಒಳಗ ರಾಕ್ಷಸ ಇದ್ದಾನಂತ ತಿಳದಿದ್ಲು. ಇದ್ದಿದ್ದಿಲ್ಲ. ಒಬ್ಬ ಮುದುಕಿ ಬಾಗಲಾ ತಗದ್ಲು. 'ಯಾಕಬೇ ನನ್ನ ಬಂಗಾರಾ, ಇಷ್ಟ ತಡಾ ಮಾಡ್ದಿ? ಮೊದಲ ಕೈಕಾಲು ತೊಳಕೋ ನಡಿ' ಅಂದ್ಲು."

"ಹೌದ್ರಿ!"

ಮಗಳು ಅಜ್ಜನ ಹತ್ತಿರ ಸರಿದಳು. "ಮುತ್ಯಾ, ಆಕಿ ಆಯಿ ಮಾತಾಡಿದಂಗ ಮಾತಾಡಾಕತ್ತಾಳ."

ಮಾವ ತುಸು ಹೊತ್ತು ಟೀವಿಯ ಆ ನಿಂತ ಚಿತ್ರವನ್ನೇ ನೋಡಿದರು. "ಹೌದು. ಹಂಗ ಮಾತಾಡ್ತಾಳ," ಎಂದರು. "ಮುಂದ ಕೇಳ್ತಿಯೋ ಇಲ್ಲೋ?"

ಆ ಕಥೆ ಬಹಳ ಹೊತ್ತು ನಡೆಯಿತು. ಗಾಳಿ ಊರಿಗೆ ಬಂದ ಮೇಲೆ ಮಾವ ತಾವೇ ಮಂಗಳ ಹಾಡಿದರು. ಅಂದು ಪಡಸಾಲೆಯಲ್ಲಿ ನಮ್ಮೊಂದಿಗೆ ಕುಳಿತು ಉಂಡರು, ಮಗಳ ತಟ್ಟೆಯ ಪಕ್ಕ ತಟ್ಟೆ ಇಟ್ಟುಕೊಂಡು. ಉಂಡು ಹೋಗ್ರಿ ಅಂದರೂ ಚಾಚಾ ನಿಲ್ಲಲಿಲ್ಲ.

ಮರುದಿನ ಸೀಡಿ ಮರಳಿಸಲು ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಗೀರು ಬಿದ್ದದ್ದನ್ನು ತೆಗೆದಿಡುತ್ತ ಚಾಚಾ ತಗ್ಗಿದ ದನಿಯಲ್ಲಿ, "ಎರಡನೇದ್ದರದು ಇನ್ನೊಂದು ಕಾಪಿ ಚೀಲದಾಗ ಇತ್ತು ಬೇಟಿ, ಚಲೋದು," ಎಂದರು. "ತಗೀಬೇಕಂದೆ. ಅಷ್ಟರಾಗ ಗೌಡ್ರು ಸುರು ಮಾಡಿಬಿಟ್ರು... ನಕ್ಕೋ, ಬ್ಯಾಡ ಅಂತ ಬಿಟ್ಟೆ. ಅವ್ರಿಗಿ ಹೇಳಬ್ಯಾಡ."

ನಾನು ಹೇಳಲಿಲ್ಲ. ಮಾವ ಆಮೇಲೆ ಆರು ವರ್ಷ ಇದ್ದರು, ಮೊಮ್ಮಗಳಿಗೆ ಕಥೆ ಹೇಳುತ್ತಲೇ ಇದ್ದರು. ಫೋನಿನಲ್ಲೇ ಸಿನೆಮಾ ಬರತೊಡಗಿದ ಮೇಲೆ ಚಾಚಾನ ಅಂಗಡಿ ಮುಚ್ಚಿತು. ಈಗ ಅಲ್ಲಿ ಟೈಲ್ಸ್ ಮಾರುತ್ತಾರೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ಎಷ್ಟೋ ದಿನದ ಮೇಲೆ, ಸುರಪುರದ ಬಸ್ಸಿನಲ್ಲಿ ಸಿಕ್ಕ ಅವರ ಓಣಿಯ ಹೆಂಗಸೊಬ್ಬಳಿಂದ. ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಸೀಡಿ ಮರಳಿಸಿದ ದಿನ ಗಿರಾಕಿಗಳ ಮುಂದೆ ನಾನು ಅಂದದ್ದು "ಆಯ್ತು ಚಾಚಾ" ಅಂತ ಮಾತ್ರ. ಅವರು ನಮ್ಮ ಮನೆಗೆ ಏನು ಮಾಡಿ ಹೋದರು ಅಂತ ಒಮ್ಮೆಯಾದರೂ ಬಾಯಿಬಿಟ್ಟು ಹೇಳಬಹುದಿತ್ತು... ದಿನಾ ಅವರ ಅಂಗಡಿಯ ಮುಂದೆಯೇ ಓಡಾಡಿದೆ. ನಾಳೆ ಹೇಳಿದರಾಯಿತು ಅಂದುಕೊಂಡೇ ಓಡಾಡಿದೆ.

ಹಬ್ಬಕ್ಕೆ ಬಂದಿದ್ದ ಮಗಳಿಗೆ ಮೊನ್ನೆ ಮೊದಲ ಸಲ ಇದನ್ನೆಲ್ಲ ಹೇಳಿದೆ. ಹೂವು ಕಟ್ಟುವುದನ್ನು ನಿಲ್ಲಿಸಿ ಕೇಳಿದಳು.

"ಹಂಗಾದ್ರ ಖರೇ ಕಥ್ಯಾಗ ಆ ಬಾಗಲಾ ಯಾರ ತಗದ್ರು ಅಂತ ಚಾಚಾಗ ಗೊತ್ತಿತ್ತಲ್ಲ ಮಮ್ಮಿ?"

"ಗೊತ್ತಿತ್ತು. ಹತ್ತು ಸಲ ನೋಡಿದ್ರಂತ."

"ಮತ್ತ ಮುತ್ಯಾ ಹೇಳಿದ್ದಕ್ಕೆಲ್ಲ ಹೌದ್ರಿ, ಹೌದ್ರಿ ಅನ್ನಾಕತ್ತಿದ್ರಲ್ಲ..." ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು ಅವಳು ಹೂವಿನ ಬುಟ್ಟಿಯನ್ನು ನನ್ನ ಹತ್ತಿರ ಸರಿಸಿಕೊಂಡು ಕುಳಿತಳು.